ಬಿಚ್ಚುವ ಪಾಠ

ಹಾಲಿನ ಬೂತಿನ ಹುಡುಗ ಚಿಲ್ಲರೆ ಕೊಟ್ಟ,
ಐದರ ನಾಣ್ಯ ಹಿಡಿಯಲಾಗಲಿಲ್ಲ.
ಜಾರಿ ಚರಂಡಿಯ ಕಲ್ಲಿನ ಮೇಲೆ ಟಣ್ ಎಂದಿತು.
ಮೊದಲು ಗಮನಕ್ಕೆ ಬಂದದ್ದು ಅದರ ಶ್ರುತಿ,
ಆಮೇಲೆ ಹೆಬ್ಬೆರಳು.

ಎಡಗೈ. ನಲವತ್ತೊಂದು ವರ್ಷ
ಮೆಟ್ಟಿನಿಂದ ಮೆಟ್ಟಿಗೆ ಹತ್ತಿ ಇಳಿದ ಕೈ.
ತೋರುಬೆರಳು, ನಡುಬೆರಳಿನ ತುದಿಯಲ್ಲಿ
ತಂತಿ ಕೊರೆದ ಗೆರೆ,
ಕೊಬ್ಬರಿ ಎಣ್ಣೆ ಕುಡಿದು ಕಪ್ಪಾದ ಜಡ್ಡು.
ಆಧಾರ್ ಕಾರ್ಡಿನ ಯಂತ್ರ ಅವನ್ನು
ಬೆರಳೆಂದೇ ಒಪ್ಪಿರಲಿಲ್ಲ.

ಕೃಷ್ಣಮೂರ್ತಿಪುರದ ಅಳಸಿಂಗ ಮೇಷ್ಟ್ರು ಹೇಳುತ್ತಿದ್ದರು:
"ನೋಯ್ತಿದೆಯೇನೇ? ನೋಯಲಿ.
ನೋಯದ ಬೆರಳಲ್ಲಿ ತೋಡಿ ಹುಟ್ಟೋದಿಲ್ಲ."
ನಾವು ನಾಲ್ಕು ಹುಡುಗಿಯರು ಅದನ್ನೂ ಒಂದು ವರಸೆ ಎಂದು
ಬಾಯಿಪಾಠ ಮಾಡಿದೆವು.
ಮುಂದೆ ನಾನೂ ಪಾಠದ ಮಕ್ಕಳಿಗೆ
ಅದೇ ದನಿಯಲ್ಲಿ ಒಪ್ಪಿಸಿದೆ.

ಈಗ ರಾತ್ರಿ ಎರಡಕ್ಕೆ ಕೈಗೆ ಎಚ್ಚರ, ನನಗಲ್ಲ.
ಮಣಿಕಟ್ಟಿನಿಂದ ಮೊಣಕೈವರೆಗೆ
ಯಾರೋ ಬಿರಡೆ ತಿರುಗಿಸುತ್ತಾರೆ, ನಿಲ್ಲಿಸುವುದಿಲ್ಲ.

ದೊಡ್ಡಾಸ್ಪತ್ರೆಯಲ್ಲಿ, ಮೂಲೆಯ ಕೋಣೆ,
ಮುಬೀನಾ, ಪಾಂಡವಪುರದ ಹುಡುಗಿ,
ಮಾವಿನಹಣ್ಣು ಒತ್ತಿ ನೋಡುವ ಹಾಗೆ
ನನ್ನ ಕೈಯನ್ನು ಅಲ್ಲಲ್ಲಿ ಒತ್ತಿದಳು.
"ಗಟ್ಟಿ ಹಿಡಿಯೋದು ಚೆನ್ನಾಗ್ ಬರುತ್ತೆ ಮೇಡಂ ಇದಕ್ಕೆ.
ಬಿಚ್ಚೋದೇ ಕಲಿತಿಲ್ಲ."
ಫೈಲಿಗೆ ಹಾಕಿದ್ದ ರಬ್ಬರ್ ಬ್ಯಾಂಡ್ ತೆಗೆದು
ಐದೂ ಬೆರಳಿಗೆ ತೊಡಿಸಿ
"ಅಗಲ ಮಾಡಿ" ಎಂದಳು.

ಅಗಲವಾಗಲಿಲ್ಲ.
ಕಿರುಬೆರಳು ನಡುಗಿತು,
ಮೊದಲ ದಿನ 'ಸಾ' ಹಿಡಿಯಲು ಹೊರಟ
ಮಗುವಿನ ಗದ್ದದ ಹಾಗೆ.

ಅವಳ ಅಜ್ಜ ಹತ್ತಿ ಹಿಂಜುತ್ತಿದ್ದರಂತೆ.
ಹಾಸಿಗೆ, ದಿಂಬು. ಒಂದೇ ತಂತಿಯ ಬಿಲ್ಲು,
ಆಳೆತ್ತರ, ಹಗಲೆಲ್ಲ ಡುಂಯ್ ಡುಂಯ್.
"ರಾತ್ರಿ ಊಟಕ್ಕೆ ಕೂತರೆ ಮುದ್ದೆ ಮುರಿಯೋಕಾಗ್ತಿರಲಿಲ್ಲ,
ಅಜ್ಜಿ ಮುರಿದು ಸಾರಿಗೆ ಅದ್ದಿ ಕೊಡ್ತಿದ್ರು."
ಬಿಲ್ಲು ಯಾವ ಶ್ರುತಿಯಲ್ಲಿತ್ತು ಎಂದು ಕೇಳಿದೆ.
ನಕ್ಕಳು. "ಮನೇಲಿ ಎಲ್ಲರಿಗೂ ಕೆಮ್ಮಿತ್ತು ಮೇಡಂ,
ಅದೊಂದು ಗೊತ್ತು."

ಆರು ವಾರ ನುಡಿಸಬಾರದು.
ವೀಣೆಯನ್ನು ಚಾಪೆಯ ಮೇಲೆ ಮಲಗಿಸಿ
ಹಳೆಯ ಸೀರೆ ಹೊದಿಸಿದೆ.
ಬೆಳಿಗ್ಗೆ ಅಕ್ಕಿ ಡಬ್ಬದಲ್ಲಿ ಮಣಿಕಟ್ಟಿನವರೆಗೆ ಕೈ,
ಒಳಗೇ ಮುಷ್ಟಿ, ಒಳಗೇ ಅಂಗೈ.
ತೆಗೆದಾಗ ಬಿಳಿಯ ಹುಡಿ, ಒಂದೆರಡು ಹುಳ.
ಮಧ್ಯಾಹ್ನ ಅಡುಗೆಮನೆ ಗೋಡೆಯ ಮೇಲೆ
ಜೇಡನ ಹಾಗೆ ಬೆರಳು ನಡೆಸಬೇಕು,
ಕ್ಯಾಲೆಂಡರಿನ ಮೊಳೆಯವರೆಗೆ.
ಅತ್ತೆ ಕಾಫಿ ಲೋಟ ಹಿಡಿದು ನಿಂತು
"ಗೋಡೇಲಿ ಏನೇ ನುಡಿಸ್ತಿದ್ದೀಯ?" ಎಂದರು.
ರಾಗ ಗೊತ್ತಿಲ್ಲ. ಸದ್ಯಕ್ಕೆ ಆರೋಹಣ.

ಹಾಗೆ ಹತ್ತುವಾಗಲೇ ನೆನಪಾದದ್ದು:
ಹಿತ್ತಲ ಬಚ್ಚಲ ಕಟ್ಟೆಯ ಮೇಲೆ
ಅಳಸಿಂಗ ಮೇಷ್ಟ್ರು ಬೆನ್ನು ತಿರುಗಿಸಿ ಕೂತು
ಹಿತ್ತಾಳೆ ಬೋಗುಣಿಯ ಉಪ್ಪುನೀರಿಗೆ
ಎಡಗೈ ಇಳಿಬಿಟ್ಟಿದ್ದು. ಹಬೆ ಏಳುತ್ತಿತ್ತು.
ನಾನು ನೀರು ಕುಡಿಯಲು ಹೋದವಳು.
ತಿರುಗಿ ನೋಡಿದರು. ಬೈಯಲಿಲ್ಲ.
ಕೈಯನ್ನು ಪಂಚೆಗೆ ಒರೆಸಿ ಒಳಗೆ ಬಂದು
ಅದೇ ಪಲ್ಲವಿಯನ್ನು ಮೂರನೇ ಕಾಲದಲ್ಲಿ ನುಡಿಸಿದರು,
ನನ್ನನ್ನೇ ನೋಡುತ್ತ.
ಅವತ್ತು ನಾನು ನೀರು ಕುಡಿಯಲಿಲ್ಲ.
ಯಾರಿಗೂ ಹೇಳಲೂ ಇಲ್ಲ.

ನಿನ್ನೆ ಸಂಜೆ ಚಿರಂತನ, ಒಂಬತ್ತು ವರ್ಷ,
ಜಂಟಿ ವರಸೆಯ ನಡುವೆ ನಿಲ್ಲಿಸಿ
"ಮಿಸ್, ಉರೀತಿದೆ" ಎಂದ.
ಮೇಷ್ಟ್ರ ಮಾತು ಶ್ರುತಿಗೂಡಿ ಸಿದ್ಧವಾಗಿತ್ತು,
ತುಟಿಯವರೆಗೆ ಬಂತು.
ಅವನ ಬೆರಳು ಹಿಡಿದು ಊದಿದೆ.
ಅಕ್ಕಿ ಡಬ್ಬ ತಂದು ನಡುವೆ ಇಟ್ಟೆ.
ಇಬ್ಬರೂ ಕೈ ಹಾಕಿ ಕೂತೆವು.
ಒಳಗೆಲ್ಲೋ ಅವನ ಮುಷ್ಟಿ ನನ್ನದಕ್ಕೆ ತಾಗಿತು.

"ಮಿಸ್, ಇದರಲ್ಲಿ ಹುಳ ಇದೆ."
"ಇರಲಿ. ಆದಿತಾಳ ಎಣಿಸು.
ಎಂಟಕ್ಕೆ ಬಿಚ್ಚು."